ದೊಡ್ಡಮ್ಮ ಎತ್ತಿಟ್ಟ ಮಾತ್ರೆ

ನಮ್ಮ ದೊಡ್ಡಮ್ಮ ಹೊಲಿಗೆಯವಳು. ಚೂರು ಬಟ್ಟೆ, ಒಂಟಿ ಗುಂಡಿ, ತುಂಡು ದಾರ ಯಾವುದನ್ನೂ ಎಸೆದವಳಲ್ಲ. ಎಲ್ಲವೂ ಮಷಿನ್ ಪಕ್ಕದ ಬಿಸ್ಕತ್ತಿನ ಡಬ್ಬಿಗೆ. "ಬಿಸಾಡೋಕೆ ಎಷ್ಟೊತ್ತು? ಬೇಕಾದಾಗ ಯಾರ ಮನೇಲಿ ಹುಡುಕ್ತೀಯಾ?" ಎಂದು ನನ್ನನ್ನು ಗದರುವಳು. ನಾವು ನಗುತ್ತಿದ್ದೆವು, ಗುಂಡಿ ಕಿತ್ತುಹೋದರೆ ಅವಳ ಬಳಿಗೇ ಓಡುತ್ತಿದ್ದೆವು.

ಹೋದ ವರ್ಷ ದೊಡ್ಡಪ್ಪನಿಗೆ ವೈರಸ್ ಜ್ವರ ಶ್ವಾಸಕೋಶಕ್ಕಿಳಿಯಿತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಜೊತೆ ಸ್ಟೀರಾಯ್ಡ್ ಕೊಟ್ಟ ಮೇಲೆ ಎದ್ದು ಕೂತರು. ಮನೆಗೆ ತಂದ ಅದರದ್ದೇ ಮಾತ್ರೆಯಲ್ಲಿ ಉಳಿದದ್ದು ಡಬ್ಬಿ ಸೇರಿತು.

ಈ ವರ್ಷ ಅಮ್ಮನಿಗೆ ಅದೇ ಜ್ವರ. ಮೊದಲ ದಿನವೇ ದೊಡ್ಡಮ್ಮ ಡಬ್ಬಿ ಹಿಡಿದು ಬಂದಳು.

"ನಿನ್ನ ಭಾವನ್ನ ಸಾವಿನ ಬಾಯಿಂದ ಎಳ್ಕೊಂಡು ಬಂದಿದ್ದು ಇದೇ ಕಣೇ. ನುಂಗು."

ಅಮ್ಮ ಮರುಮಾತಾಡದೆ ನುಂಗಿದಳು. ಬೆಳಗ್ಗೆ ಜ್ವರ ಇಳಿದಿತ್ತು. ದೊಡ್ಡಮ್ಮನನ್ನು ಹಿಡಿಯುವವರೇ ಇರಲಿಲ್ಲ! ವಾರ ಕಳೆಯುವಷ್ಟರಲ್ಲಿ ಅಮ್ಮ ಎರಡು ಮಾತಾಡಿದರೆ ಏದುಸಿರು ಬಿಡುತ್ತಿದ್ದಳು. ಆಸ್ಪತ್ರೆಗೆ ಸೇರಿಸಿದೆವು.

"ಮನೇಲಿ ಏನಾದ್ರೂ ಮಾತ್ರೆ ಕೊಟ್ಟಿದ್ರಾ?" ವಾರ್ಡಿನ ಡಾಕ್ಟರು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತ್ತು. ದೊಡ್ಡಮ್ಮ ಚೀಲದಿಂದ ಡಬ್ಬಿ ತೆಗೆದು, ಗುಂಡಿಗಳ ನಡುವೆ ಕೈಯಾಡಿಸಿ ಖಾಲಿ ಸ್ಟ್ರಿಪ್ ಮುಂದಿಟ್ಟಳು. "ನಾನೇ ಕೊಟ್ಟೆ. ದಿನಾ ಕೊಟ್ಟೆ."

ಡಾಕ್ಟರು ಬಯ್ಯಲಿಲ್ಲ. ಬಯ್ದಿದ್ದರೆ ನನಗಾದರೂ ಸಮಾಧಾನವಾಗುತ್ತಿತ್ತು.

"ನೋಡಿ ಅಮ್ಮಾ, ನಿಮ್ಮ ಯಜಮಾನ್ರಲ್ಲಿ ವೈರಸ್ ಹೆಚ್ಚುಕಮ್ಮಿ ಸೋತಿತ್ತು. ಅದನ್ನ ಓಡಿಸೋಕೆ ಎದ್ದ ಮೈಯೊಳಗಿನ ಕಾವಲೇ ಸುಮ್ಮನಾಗದೆ ಶ್ವಾಸಕೋಶ ಹಾಳ್ಮಾಡ್ತಿತ್ತು. ಅದನ್ನ ತಣ್ಣಗಾಗಿಸೋಕೆ ಈ ಮಾತ್ರೆ. ತಂಗಿಗೆ ವೈರಸ್ ಆಗಷ್ಟೇ ಹೊಕ್ಕಿತ್ತು. ಹೊಡೆದಾಡಬೇಕಾದವರ ಕೈಯನ್ನ ಮೊದಲೇ ಕಟ್ಟಿದ ಹಾಗಾಯ್ತು."

"ಹಾಗಾದ್ರೆ ನಾನೇ ಕೊಲ್ತಾ ಇದ್ದೆನಾ ಅವಳನ್ನ?"

"ಒಪ್ಕೊಂಡು ಹೇಳಿದ್ರಲ್ಲ, ನಮಗೆ ಉಪಕಾರ ಆಯ್ತು. ಈಗ ಇವರೂ ನಿಮ್ಮ ಯಜಮಾನ್ರಿದ್ದ ಹಂತಕ್ಕೆ ಬಂದಿದ್ದಾರೆ, ಆಕ್ಸಿಜನ್ ಬೇಕಾಗಿದೆ. ಹಾಗಾಗಿ ಅದೇ ಔಷಧಿ ನಾವೂ ಕೊಡ್ತೀವಿ, ಅಳತೆ ನೋಡ್ಕೊಂಡು."

"ಅದೇನಾ?" ದೊಡ್ಡಮ್ಮ ಗೋಡೆಗೆ ಒರಗಿದಳು. ನರ್ಸ್ ಆ ಔಷಧಿಯ ಸೂಜಿ ಹಿಡಿದು ಬಂದಾಗಲೆಲ್ಲ ಅವಳು ಹೊರಗೆ ಹೋಗಿಬಿಡುತ್ತಿದ್ದಳು. ಅದನ್ನು ನೋಡುತ್ತಾ ಅವಳ ಮೇಲಿನ ನನ್ನ ಸಿಟ್ಟೂ ಇಳಿಯಿತು.

ಅಮ್ಮನ ಮುಖದ ಮಾಸ್ಕ್ ಕೊನೆಗೂ ಇಳಿಯಿತು. ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತು, ಒಂದೂ ಬಿಡದೆ ತಾನು ಮಾಡಿದ್ದನ್ನೆಲ್ಲ ಹೇಳಿದಳು.

ಅಮ್ಮ ನಕ್ಕಳು. "ಅಯ್ಯೋ ಬಿಡಕ್ಕಾ. ನೀನು ಕೊಟ್ರೆ ನಾನು ಏನು ಎತ್ತ ಅಂತ ಕೇಳ್ತೀನಾ? ನಾಳೆ ಕೊಟ್ರೂ ನುಂಗ್ತೀನಿ."

ದೊಡ್ಡಮ್ಮ ಗೊಳೋ ಎಂದು ಅತ್ತುಬಿಟ್ಟಳು.

"ಕೇಳೇ, ಪುಣ್ಯಾತ್ಗಿತ್ತಿ," ಎಂದಳು ಅಮ್ಮನ ಕೈ ಹಿಡಿದು. "ನಾನು ಕೊಟ್ರೂ ಏನು ಎತ್ತ ಅಂತ ಕೇಳು."