ತೆರಿಗೆ ಕಡಿತಕ್ಕೊಂದು ಸನ್ನೆ

ನಾನು ಹಿಂದೂಪುರದ ಒಂದು ಕಾರ್ಖಾನೆಯಲ್ಲಿ ಸಂಬಳದ ಲೆಕ್ಕ ನೋಡಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ, ಬೇಸಿಗೆಯ ಬಿಸಿಲು ಏರುವ ಹೊತ್ತಿಗೆ, ನೌಕರರೆಲ್ಲರ ಕೈಲಿ ತೆರಿಗೆಯ ಫಾರಂ ತುಂಬಿಸುವುದು ನನ್ನ ಪಾಲಿನ ಕೆಲಸ. ಸಂಬಳ ಕೈಗೆ ಬರುವ ಮೊದಲೇ ಅದರಲ್ಲಿ ಎಷ್ಟು ತೆರಿಗೆ ಹಿಡಿಯಬೇಕು ಎಂಬುದು ಆ ಫಾರಮಿನ ಮೇಲೆ ನಿಂತಿದೆ. ಮನೆ ಸಾಲ, ಬಾಡಿಗೆ, ವಿಮೆ ಇದ್ದರೂ ಬರೆಯದಿದ್ದರೆ ಹೆಚ್ಚು ಹಿಡಿಯುತ್ತೇವೆ. ಇಲ್ಲದ್ದನ್ನು ಬರೆದರೆ ಮುಂದೆ ನೋಟಿಸು ಬರುತ್ತದೆ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಬಾಯಿ ಹೇಳುತ್ತಿರುವಾಗ ತಲೆಯಲ್ಲಿ ಸಂಜೆಯ ಸಾರಿನ ಯೋಚನೆ ಓಡುತ್ತಿರುತ್ತದೆ.

ನಮ್ಮದೇ ಇನ್ನೊಂದು ವರ್ಕ್‌ಶಾಪು ಕಲ್ಯಾಣದುರ್ಗದಲ್ಲಿದೆ. ಸುತ್ತಲ ಗುಡ್ಡಗಳ ಗಾಳಿಯಂತ್ರಗಳಿಗೆ ಸೇರಿದ ಕರೆಂಟಿನ ಪೆಟ್ಟಿಗೆಗಳು ರಿಪೇರಿಗೆ ಅಲ್ಲಿಗೆ ಬರುತ್ತವೆ. ಅಲ್ಲಿನ ಹಳಬರಲ್ಲಿ ನಾಲ್ವರಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು, ಮಾತೂ ಬಾರದು. ಒಂದೇ ಶಾಲೆಯಲ್ಲಿ ಓದಿ, ಒಬ್ಬರ ಹಿಂದೊಬ್ಬರು ಬಂದು ಸೇರಿಕೊಂಡವರು. ಅವರಲ್ಲಿ ಹಿರಿಯರ ತಂಗಿ ಅದೇ ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುತ್ತಾರೆ. ಅವರಿಗೆ ಕಿವಿ, ಬಾಯಿ ಎರಡೂ ಚುರುಕು, ಅಣ್ಣನ ಕೈಸನ್ನೆಯೂ ಬರುತ್ತದೆ. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

ವಿನಾಯಿತಿಗಳಿರುವ ಹಳೆ ತೆರಿಗೆ ಪದ್ಧತಿಯೋ, ಅವು ಕಡಿಮೆಯಾಗಿ ದರವೂ ಕಡಿಮೆಯಿರುವ ಹೊಸ ಪದ್ಧತಿಯೋ ನೌಕರರೇ ಆರಿಸಬೇಕು, ಏನೂ ಹೇಳದಿದ್ದವರನ್ನು ಹೊಸದಕ್ಕೇ ಸೇರಿಸಬೇಕು ಎಂಬ ನಿಯಮ ಬಂದ ವರ್ಷ ಅಕ್ಕ ಫೋನ್ ಮಾಡಿದರು.

"ನಮ್ಮಣ್ಣ ಸಂಬಳದ ಚೀಟಿ ಹಿಡ್ಕಂಡು ನನ್ ಮುಂದೆ ಕುಂತವ್ನೆ. ಯಾಕೆ ಹಿಂಗ್ ಹಿಡಿದ್ರು ಅಂತ ಕೇಳ್ತಾವ್ನೆ. ಉಳಿದ ಮೂವರೂ ಅದೇ ಕೇಳ್ತಾವ್ರೆ."

"ಫಾರಮಲ್ಲಿ ಯಾವ್ದಕ್ಕೂ ಟಿಕ್ ಹಾಕಿಲ್ಲ ಅಕ್ಕ. ಬರೀ ಸಹಿ ಹಾಕಿ ಕಳ್ಸವ್ರೆ."

"ಅದನ್ನ ನೀನೇ ಬಂದು ಹೇಳು ಕಣಮ್ಮ. ನಂಗೇ ತಿಳೀದೆ ಇರೋದನ್ನ ನನ್ ಕೈ ಹೆಂಗ್ ಹೇಳ್ತದೆ?"

ಇನ್ನೂ ಏನನ್ನೂ ಆರಿಸಿರಲಿಲ್ಲವಾದ್ದರಿಂದ ಅವರಿಗೆ ದಾರಿ ಮುಚ್ಚಿರಲಿಲ್ಲ. ಆ ವಾರವೇ ಬಸ್ಸು ಹತ್ತಿದೆ. ರೊದ್ದಂ ದಾಟುವವರೆಗೂ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಎಲ್ಲವನ್ನೂ ಅವರು ಶಾಲೆಯಲ್ಲಿ ಕಲಿತ ತೆಲುಗಿನಲ್ಲಿ ಬರೆದೆ. ಬರೆದು ತೋರಿಸಿದರೆ ಮುಗಿಯಿತು ಎಂದುಕೊಂಡಿದ್ದೆ.

ಊಟದ ಕೋಣೆಯಲ್ಲಿ ನಾಲ್ವರೂ ಓದಿದರು. ಓದಿ ತಲೆಯಾಡಿಸಿದರು. ನಾನು ಪೆನ್ನು ಮುಂದೆ ಚಾಚಿದೆ.

ಅಕ್ಕ ನನ್ನ ಕೈ ಹಿಡಿದರು. "ತಲೆ ಆಡಿಸ್ಬುಟ್ರೆ ತಿಳೀತು ಅನ್ಕಬೇಡ. ಎಲ್ರೂ ಬಾಯಿ ಆಡಿಸೋ ಕಡೆ ತಲೆ ಆಡಿಸಿ ಆಡಿಸಿ ಅಭ್ಯಾಸ ಆಗೋಗೈತೆ ಅವ್ರಿಗೆ. ನಂಗೆ ಮೊದ್ಲು ಹೇಳು, ನಿಧಾನಕ್ಕೆ."

ಹೇಳಿದೆ. ಅಕ್ಕನ ಕೈಗಳು ಏಳುತ್ತಿದ್ದಂತೆ ನಾಲ್ವರ ಮುಖವೂ ಬೇರೆಯಾಯಿತು. ಕುರ್ಚಿಗಳು ಹತ್ತಿರ ಸರಿದವು. ಸರ್ಕಾರಕ್ಕೆ ಅವರಲ್ಲಿ ಸನ್ನೆಯಿತ್ತು, ಮುಷ್ಟಿಯಿಂದ ಅಂಗೈ ಮೇಲೆ ಸೀಲು ಒತ್ತಿದ ಹಾಗೆ. ಸಂಬಳಕ್ಕೂ ಇತ್ತು. ಆದರೆ ಸಂಬಳ ಕೈಗೆ ಬರುವ ಮೊದಲೇ ಹಿಡಿದುಕೊಳ್ಳುವುದು ಎಂಬಲ್ಲಿಗೆ ಬಂದಾಗ ಅಕ್ಕನ ಕೈಗಳು ಗಾಳಿಯಲ್ಲಿ ನಿಂತುಬಿಟ್ಟವು.

"ಇದಕ್ಕೆ ನಮ್ಮಲ್ಲಿ ಮಾತೇ ಇಲ್ಲ ಕಣಮ್ಮ," ಎಂದರು.

ಯೋಚಿಸಿ, ಒಂದು ಅಂಗೈಯಿಂದ ಇನ್ನೊಂದು ಕೈ ಚಕ್ಕನೆ ಕಿತ್ತುಕೊಳ್ಳುವಂತೆ ತೋರಿಸಿದರು. ನಾಲ್ವರೂ ಜೋರಾಗಿ ನಕ್ಕರು.

"ದೊಂಗತನಂ ಅಂತಾರೆ! ಕಳ್ಳತನ ಆಯ್ತಂತೆ ಇದು."

"ಕಳ್ಳತನ ಅಲ್ಲ ಅಕ್ಕ. ಲೆಕ್ಕ ಬರ್ದಿಟ್ಟು ಹಿಡಿಯೋದು. ಜಾಸ್ತಿ ಹಿಡಿದಿದ್ರೆ ವಾಪಸ್ ಬತ್ತದೆ."

ನಾಲ್ವರೂ ವಾದಕ್ಕಿಳಿದರು. ಒಬ್ಬರು ಏನೋ ತೋರಿಸಿದರೆ ಇನ್ನೊಬ್ಬರು ಕೈ ಬೀಸಿ ಅಳಿಸುತ್ತಿದ್ದರು. ಕೊನೆಗೆ ಅಕ್ಕನ ಅಣ್ಣ ಎರಡೂ ಕೈಗಳಿಂದ ಮೇಜಿನ ಮೇಲೆ ಒಂದು ರಾಶಿಯ ಆಕಾರ ಮಾಡಿದರು. ಕಣದಲ್ಲಿ ತೂರಿ ಕೂಡಿಸಿದ ರಾಶಿ. ಒಂದು ಕೈ ಮೊರದಂತೆ ರಾಶಿಯೊಳಗೆ ಹೋಗಿ ಒಂದು ಪಾಲನ್ನು ಪಕ್ಕಕ್ಕೆ ಸರಿಸಿತು. ಆ ಪಾಲಿನ ಮೇಲೆ ಸೀಲು ಬಿತ್ತು. ಉಳಿದದ್ದನ್ನು ಚೀಲಕ್ಕೆ ತುಂಬಿ ಹೆಗಲಿಗೇರಿಸಿದರು.

ರಾಶಿ ಮನೆಗೆ ಹೋಗುವ ಮೊದಲು ಕಣದಲ್ಲೇ ಅಳೆದು ತೆಗೆದಿಡುವ ಪಾಲು! ಇಷ್ಟು ವರ್ಷ ನಾನು ಹೇಳುತ್ತಿದ್ದುದು ಇದನ್ನೇ. ಅದು ಎಂಥ ಮಾತು ಎಂದು ನನಗೆ ಕಂಡದ್ದು ಆವತ್ತು. ಉಳಿದ ಮೂವರೂ ಅದನ್ನು ಒಬ್ಬೊಬ್ಬರಾಗಿ ಮಾಡಿ ನೋಡಿದರು. ಮಾಡುತ್ತ ಮಾಡುತ್ತ ಅದು ಚಿಕ್ಕದಾಯಿತು. ಚೀಲ ಬಿಟ್ಟುಹೋಯಿತು, ಹೆಗಲು ಬಿಟ್ಟುಹೋಯಿತು. ರಾಶಿ, ಪಾಲು, ಸೀಲು ಇಷ್ಟೇ ಉಳಿದವು. ಮಾತುಗಳು ಎಲ್ಲೋ ಹಿಂದಿನ ಕಾಲದಲ್ಲಿ ಹುಟ್ಟಿ ನಮ್ಮ ಕಿವಿಗೆ ಬೀಳುತ್ತವೆ ಎಂದುಕೊಂಡಿದ್ದವಳು ನಾನು. ಇಲ್ಲಿ ಊಟದ ಡಬ್ಬಿಗಳ ನಡುವೆ, ನನ್ನ ಕಣ್ಣೆದುರೇ ಒಂದು ಮಾತು ಹುಟ್ಟಿತ್ತು.

ಅದಾದ ಮೇಲೆ ಕೆಲಸ ಓಡಿತು. ಹಳೆ ಪದ್ಧತಿಗೆ ಬೆರಳುಗಳನ್ನು ಒಂದೊಂದಾಗಿ ಮಡಿಸುವುದು, ಒಂದೊಂದು ಬೆರಳೂ ಒಂದೊಂದು ವಿನಾಯಿತಿ. ಹೊಸದಕ್ಕೆ ಅಂಗೈಯನ್ನು ನೆಟ್ಟಗೆ ಮುಂದಕ್ಕೆ ತಳ್ಳುವುದು. ಅಂಗವಿಕಲರಿಗಿರುವ ವಿನಾಯಿತಿ ಹಳೆಯದರಲ್ಲಿ ಮಾತ್ರ ಸಿಗುತ್ತದೆ, ಅದಕ್ಕೆ ಡಾಕ್ಟರ ಸರ್ಟಿಫಿಕೇಟು ಬೇಕು ಎಂದೆ. ನಾಲ್ವರಲ್ಲಿ ಕಿರಿಯರು ಕಿವಿ ಮುಟ್ಟಿಕೊಂಡು, ಅಂಗೈ ತಳ್ಳಿ, ಹುಬ್ಬೇರಿಸಿದರು.

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಹೊಸ ದಾರೀಲಿ ಹೋದ್ರೆ ಕಿವಿ ಕೇಳಿಸ್ತದಾ ಅಂತ ಕೇಳ್ತಾವ್ನೆ."

ನಾನೂ ನಕ್ಕೆ.

ಪ್ರತಿಯೊಬ್ಬರಿಗೂ ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ತೋರಿಸಿದೆ. ಮನೆ ಸಾಲವಿದ್ದ ಅಣ್ಣನಿಗೂ ಇನ್ನಿಬ್ಬರಿಗೂ ಹಳೆಯದೇ ಹಗುರವಾಯಿತು. ಆ ಪ್ರಶ್ನೆ ಕೇಳಿದ ಕಿರಿಯರಿಗೆ ಹೊಸದೇ ಲಾಭ. ಅವರು ನಿಟ್ಟುಸಿರು ಬಿಡುವಂತೆ ನಟಿಸಿ, ಇನ್ನು ಗದ್ದಲ ಕೇಳಿಸೀತೆಂಬಂತೆ ಎರಡೂ ಕಿವಿ ಮುಚ್ಚಿಕೊಂಡು, ಹೊಸದಕ್ಕೇ ಟಿಕ್ ಹಾಕಿದರು. ಯಾರೂ ಬರೀ ಸಹಿ ಹಾಕಲಿಲ್ಲ. ಪ್ರತಿ ಸಾಲಿಗೂ ಬೆರಳಿಟ್ಟು ಕೇಳಿದರು, ಕೇಳಿ ಬರೆದರು. ಮುಂದಿನ ತಿಂಗಳ ಸಂಬಳದಿಂದ ಕಡಿತ ಸರಿಹೋಯಿತು.

ಕೆಲವು ತಿಂಗಳ ಮೇಲೆ ಕಚೇರಿಯಲ್ಲಿದ್ದಾಗ ಗುರುತಿಲ್ಲದ ನಂಬರಿನಿಂದ ವಿಡಿಯೋ ಕಾಲ್ ಬಂತು. ತೆರೆಯಲ್ಲಿ ಗೋರಂಟ್ಲ ಊರಿನವರೊಬ್ಬರು, ಅವರಿಗೂ ಕಿವಿ ಕೇಳಿಸದು, ಆ ನಾಲ್ವರ ಶಾಲೆಯವರೇ ಎಂದು ಆಮೇಲೆ ಅಕ್ಕ ಹೇಳಿದರು. ನಮಸ್ಕಾರ ಮಾಡಿ ತಮ್ಮ ಸಂಬಳದ ಚೀಟಿಯನ್ನು ಕ್ಯಾಮೆರಾದ ಮುಂದೆ ಹಿಡಿದರು. ಆಮೇಲೆ ಅದನ್ನು ಕೆಳಗಿಟ್ಟು ಕೈ ಎತ್ತಿದರು: ರಾಶಿ, ಪಾಲು, ಸೀಲು. ಕಂಪ್ಯೂಟರಿನ ಅಂಕಿಗಳನ್ನು ಬಿಟ್ಟು ನಾನು ಫೋನಿನ ಕಡೆ ಬಾಗಿದೆ. ಕಲ್ಯಾಣದುರ್ಗದ ಆ ಮೇಜಿನ ಮೇಲೆ ಹುಟ್ಟಿದ ಸನ್ನೆ ನನಗೆ ಗೊತ್ತಾಗುವ ಮೊದಲೇ ಊರೂರು ತಿರುಗಿ ಬಂದಿತ್ತು.

ಫೋನನ್ನು ಲೋಟಕ್ಕೆ ಒರಗಿಸಿಟ್ಟು, ಅಕ್ಕನನ್ನೂ ಅದೇ ವಿಡಿಯೋ ಕಾಲ್‌ಗೆ ಸೇರಿಸಿ, ನಾನೂ ಕೈ ಎತ್ತಿ ಉತ್ತರ ಹೇಳಲು ಹೋದೆ.

ಅಕ್ಕ ಕಿಸಕ್ಕನೆ ನಕ್ಕರು. "ಉಲ್ಟಾ ಮಾಡ್ಬುಟ್ಟೆ ಕಣಮ್ಮ! ಸರ್ಕಾರದ ಪಾಲೆಲ್ಲ ಅವರ ಚೀಲಕ್ಕೇ ಸುರಿದ್ಬುಟ್ಟೆ."

ಗೋರಂಟ್ಲದವರು ಬಹಳ ಸಂತೋಷದಿಂದ ಕೈ ಮುಗಿಯುತ್ತಿದ್ದರು.