ಒಣಗಿದಂತೆ ಕಂಡ ಉಣ್ಣೆ

ಮೇಲಿನ ಮನೆಯ ಶಾರ್ಶೆನ್ ಬಚ್ಚಲ ನಲ್ಲಿ ತೆರೆದೇ ಬಿಟ್ಟು ಮಾವನ ಮನೆಯ ಔತಣಕ್ಕೆ ಹೋದದ್ದು ಒಂದು ಚಳಿಗಾಲ. ಕೆಳಗೆ ಬುರುಲ್ಚಾಳ ಮನೆ, ಅವಳ ಅಂಗಡಿಯೂ ಅದೇ. ಎರಡು ಪದರ ಉಣ್ಣೆಯ ಹಾಸು, ಅಂದರೆ ಶಿರ್ದಾಕ್ ಹೊಲಿಯುವುದರಲ್ಲಿ ಈ ವಿಧವೆ ನರಿನ್ ಎಂಬ ಆ ಊರಿಗೆಲ್ಲ ಹೆಸರಾದವಳು. ಅವಳ ಶಿರ್ದಾಕ್ ಇಲ್ಲದೆ ಗಂಡನ ಮನೆಗೆ ಹೋದ ಹುಡುಗಿಯರು ಕಡಿಮೆ. ಅಂಥವಳ ಉಣ್ಣೆಯೆಲ್ಲ ಸೂರಿನಿಂದ ಸೋರಿದ ನೀರಿಗೆ ನೆಂದು ತೊಪ್ಪೆಯಾಯಿತು.

ಶಾರ್ಶೆನ್ ಒಂದು ಬಕೆಟ್ ಸುಣ್ಣ, ಒಂದು ತಟ್ಟೆ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತಿಂಡಿ ಹಿಡಿದು ಬಂದ. “ನೀರು ತಾನೆ ಅಕ್ಕ, ಒಣಗುತ್ತೆ ಬಿಡಿ” ಅಂದ. ಸೂರಿಗೆ ಸುಣ್ಣ ಹೊಡೆದ, ಕೈ ತೊಳೆದುಕೊಂಡ.

ಉಣ್ಣೆ ಒಣಗಿತು. ಒಣಗಿದಂತೆ ಕಂಡಿತು ಅನ್ನಬೇಕು. ಬುರುಲ್ಚಾ ಮೂಸಿ ನೋಡಿ, ವಾಸನೆಯಿಲ್ಲವೆಂದು ಅದನ್ನೇ ಹೊಲಿದು ಕೊಟ್ಟಳು. ಚಳಿಯಲ್ಲಿ ಸುಮ್ಮನಿದ್ದ ಮುಗ್ಗಲು ಹಿಮ ಕರಗುತ್ತಲೇ ಬಾಯಿಬಿಟ್ಟಿತು. ಹೊಸ ಸೊಸೆಯೊಬ್ಬಳ ಶಿರ್ದಾಕನ್ನು ಅತ್ತೆ ಅಂಗಳಕ್ಕೆಸೆದು, “ನಿಮ್ಮಮ್ಮನ ಮನೇಲಿ ನಾಯಿ ಮಲಗೋ ಹಾಸೇನೇ ಇದು?” ಎಂದಳಂತೆ. ಬುರುಲ್ಚಾಳ ಹಾಸು ನಾರುತ್ತದೆ ಎಂಬ ಮಾತು ಅವಳಿಗಿಂತ ಮುಂಚೆ ಸಂತೆ ತಲುಪತೊಡಗಿತು. ಜೊತೆಗೆ ಹೊಲಿಯುತ್ತಿದ್ದ ಹೆಂಗಸರು ಬೇರೆ ಮನೆ ನೋಡಿಕೊಂಡರು. ನೆಲದ ಹಲಗೆ ಉಬ್ಬಿ ಬಾಗಿಲು ಮುಚ್ಚದಾಯಿತು. ಎದೆಗೆ ಕೆಮ್ಮು ಅಂಟಿಕೊಂಡಿತು. ಇದಕ್ಕೆಲ್ಲ ಸುಣ್ಣ ಹೊಡೆಯುವವರು ಯಾರು?

ಅವಳು ಮೆಟ್ಟಿಲು ಹತ್ತಿ ಹೋಗಿ ಕೇಳಿದಳು. “ದುಡ್ಡು ಬೇಡ ಕಣೋ. ನೀರು ನಿನ್ನ ಮನೇದು ಅಂತ ನಾಲ್ಕು ಜನರ ಮುಂದೆ ಒಂದು ಮಾತು ಹೇಳು, ಸಾಕು.”

“ಇನ್ನೂ ಅದೇ ಹಳೇ ರಾಗವಾ ಅಕ್ಕ?” ಎಂದು ಶಾರ್ಶೆನ್ ನಕ್ಕ.

ಆ ನಗು ಅವಳ ಹೊಟ್ಟೆಯಲ್ಲಿ ಮೂರು ವರ್ಷ ಕೆಂಡವಾಗಿ ಉಳಿಯಿತು.

ಕೊನೆಗೆ ಒಂದು ಚಳಿಗಾಲ ಅವನ ಮಗಳು ಬೆಗಿಮಾಯ್‌ಗೆ ಅತ್-ಬಾಶಿ ಊರಿನ ಗಂಡು ಗೊತ್ತಾಯಿತು. ಶಾರ್ಶೆನ್‌ನ ಹೆಂಡತಿಯೇ ಇಳಿದು ಬಂದು, “ಶಿರ್ದಾಕ್ ನೀವೇ ಹೊಲಿದು ಕೊಡಬೇಕು ಅಕ್ಕ” ಎಂದಳು. ಬುರುಲ್ಚಾ ಒಪ್ಪಿದಳು.

ಮಂಚದಡಿ ಉಳಿದಿದ್ದ, ಅಂದು ನೆಂದ ಅದೇ ಉಣ್ಣೆಯನ್ನು ಎಳೆದು ಅಡಿಪದರಕ್ಕೆ ಹಾಕಿದಳು. ಮೇಲೆ ಹೊಸ ಉಣ್ಣೆ, ಕೆಂಪು ಬಿಳುಪಿನ ಟಗರುಕೊಂಬಿನ ಚಿತ್ತಾರ. ಅಷ್ಟು ಚಂದದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಒಂದೊಂದು ಹೊಲಿಗೆಗೂ ಶಾರ್ಶೆನ್‌ನನ್ನು ಶಪಿಸಿದಳು. ಹಿಮ ಕರಗಲಿ, ಅವನ ಬೀಗರು ಮೂಗು ಮುಚ್ಚಿಕೊಳ್ಳಲಿ. ಹುಡುಗಿಯ ಮುಖ ನೆನಪಾದಾಗಲೆಲ್ಲ ದಾರವನ್ನು ಇನ್ನಷ್ಟು ಬಿಗಿಯಾಗಿ ಎಳೆದಳು. ತನ್ನ ಹೆಸರು ಹೇಗೂ ಮಣ್ಣುಪಾಲಾಗಿದೆ, ಹೋಗುವುದಕ್ಕೆ ಇನ್ನೇನಿದೆ?

ಹೆಣ್ಣು ಕಳಿಸುವ ದಿನ ಬಳುವಳಿಯ ಸಾಮಾನನ್ನೆಲ್ಲ ಬೀಗರ ಮುಂದೆ ಹರಡಿದರು. ಗಂಡಿನ ಅಜ್ಜಿ ಶಿರ್ದಾಕ್ ಸವರಿ, “ಇದು ಆ ಬುರುಲ್ಚಾಳ ಕೈಯದಲ್ವಾ? ಅವಳ ಹಾಸು ನಾರುತ್ತಂತಲ್ಲ” ಎಂದಳು.

ಬುರುಲ್ಚಾ ಅಲ್ಲೇ ಮೂಲೆಯಲ್ಲಿ ಕೂತಿದ್ದಳು. ಎದ್ದು ನಿಂತವನು ಶಾರ್ಶೆನ್.

“ತಪ್ಪು ಅವರದಲ್ಲಮ್ಮ. ನಲ್ಲಿ ಬಿಟ್ಟು ಹೋದೋನು ನಾನು. ನನ್ನ ಮನೆ ನೀರು ಅವರ ಉಣ್ಣೆ ಕೆಡಿಸ್ತು. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಮಗಳನ್ನ ಕಳಿಸೋ ಹೊತ್ತಲ್ಲಿ ಇನ್ನೊಬ್ಬರ ಶಾಪ ಇರಬಾರದು.”

ಅಜ್ಜಿ ಬುರುಲ್ಚಾಳನ್ನು ಕೈಹಿಡಿದು ಕರೆತಂದು, ಹಿರಿಯರು ಕೂರುವ ಜಾಗದಲ್ಲಿ ಕೂರಿಸಿದಳು, ಮಾಂಸದ ಒಳ್ಳೆಯ ತುಂಡನ್ನು ಅವಳ ತಟ್ಟೆಗೆ ಹಾಕಿದಳು. ಬುರುಲ್ಚಾ ತುಂಡು ಮುಟ್ಟದೆ ಶಿರ್ದಾಕಿನತ್ತ ಕೈ ಚಾಚಿದಳು.

“ಒಂದು ಹೊಲಿಗೆ ಸಡಿಲ ಇದೆ ತಾಯಿ. ಇವತ್ತೊಂದು ದಿನ ಕೊಡಿ, ಬಿಗಿ ಮಾಡಿ ಕಳಿಸ್ತೀನಿ.”

“ಹೊರಟ ಸಾಮಾನು ಹಿಂದಕ್ಕೆ ಹೋದ್ರೆ ಹುಡುಗಿಗೆ ಆಗಿಬರಲ್ಲ ಕಣಮ್ಮ” ಎಂದು ಅಜ್ಜಿ ನಕ್ಕು ಶಿರ್ದಾಕ್ ಸುತ್ತಿಸಿದಳು.

ಇದ್ದದ್ದನ್ನು ಹೇಳಿಬಿಡಬಹುದಿತ್ತು. ಆದರೆ ಕಳೆದ ಹೆಸರು ಈಗಷ್ಟೇ ಮರಳಿತ್ತು, ಅದನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಬೆಗಿಮಾಯ್ ಅವಳನ್ನು ತಬ್ಬಿ ಅತ್ತು, ಲಾರಿ ಹತ್ತಿದಳು. ನನ್ನ ಮಗಳಿಗೂ ಒಂದು, ನನ್ನ ಸೊಸೆಗೂ ಒಂದು ಎಂದು ಹೆಂಗಸರು ಮುತ್ತಿಕೊಂಡರು. ಬುರುಲ್ಚಾ ಎಲ್ಲರಿಗೂ ಆಗಲಿ ಅಂದಳು. ಅತ್-ಬಾಶಿಯಲ್ಲಿ ಹಿಮ ಕರಗುವುದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು.