ಪಲ್ಪರ್ ಮನೆಯಲ್ಲಿ ಗೆಂಡೆ ಮೀನಿನ ಬಾಣಂತನ

ನಮ್ಮದು ಮೀನು ತಿನ್ನುವ ಮನೆಯಲ್ಲ. ಆದರೂ ನನ್ನ ಯಜಮಾನರಿಗೆ ಫಿಶಿಂಗ್ ಅಂದರೆ ಪ್ರಾಣ. ಗಾಳ ಹಾಕಿ ಹಿಡಿಯುವುದು, ಕಣ್ತುಂಬ ನೋಡುವುದು, ಮತ್ತೆ ಹೊಳೆಗೇ ಬಿಡುವುದು. "ತಿನ್ನಾಕಿಲ್ಲ, ಮಾರಾಕಿಲ್ಲ, ಸುಮ್ನೆ ಅದ್ರ ಬಾಯಿ ಯಾಕೋ ಹರೀತೀಯ?" ಎಂದು ಅತ್ತೆ ಬೈಯುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಇವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಇನ್ನು ಹೊಳೆಗೆ ಇಳಿಯಕೂಡದು ಎಂದರು ಡಾಕ್ಟರ್. ಅಂದಿನಿಂದ ಇವರ ಮಾತೇ ನಿಂತುಹೋಯಿತು. ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೆ. ಬೆಳಗೋಡಿನ ಕಡೆಯಿಂದ ಒಂದಿಷ್ಟು ಗೆಂಡೆ ಮೀನು ತರಿಸಿ ನಮ್ಮ ಕಾಫಿ ತೋಟದ ಕೆರೆಗೆ ಬಿಟ್ಟಾಗ ಮುಖ ಕೊಂಚ ಅರಳಿತು. ಅವು ಮರಿ ಮಾಡಬೇಕು. ಹಿ ವಾಂಟೆಡ್ ನಥಿಂಗ್ ಎಲ್ಸ್.

ನೀರು ಬೆಚ್ಚಗಾಗದೆ ಗೆಂಡೆ ಮೊಟ್ಟೆ ಇಡುವುದಿಲ್ಲವಂತೆ. ಚಳಿ ಕಳೆದ ಮೇಲೆ ದಿನಾ ಬೆಳಗ್ಗೆ ಕೆರೆಯ ಟೆಂಪರೇಚರ್ ನೋಡುವುದೇ ಇವರ ಕೆಲಸವಾಯಿತು. ಮೊದಲ ದಿನ ಜ್ವರ ನೋಡುವ ಥರ್ಮಾಮೀಟರನ್ನೇ ಅದ್ದಿದ್ದರು, ಪಾದರಸ ಅಲ್ಲಾಡಲಿಲ್ಲ. "ರೀ, ಅದು ಪೇಶೆಂಟಿಗೆ, ಕೆರೆಗಲ್ಲ" ಎಂದು ನಕ್ಕು, ವರಾಂಡದ ಗೋಡೆಯಲ್ಲಿದ್ದದ್ದನ್ನು ಬಿಚ್ಚಿಕೊಟ್ಟೆ.

ಮಾರ್ಚ್‌ನಲ್ಲೊಂದು ಬೆಳಗ್ಗೆ ದಡದ ಕಳೆಗೆ ಸಣ್ಣ ಸಾಬಕ್ಕಿಯಂತೆ ಮೊಟ್ಟೆಗಳು ಅಂಟಿಕೊಂಡಿದ್ದವು. ಆದರೆ ಮಳೆ ಬಂದಿರಲಿಲ್ಲ, ಕಾಫಿ ಹೂವಿಗೆ ಅವತ್ತೇ ಸ್ಪ್ರಿಂಕ್ಲರ್ ಹಾಕಬೇಕಿತ್ತು. ಪಂಪ್ ಓಡಿದರೆ ಕೆರೆಯ ನೀರಿಳಿದು ಮೊಟ್ಟೆ ಒಣಗುತ್ತವೆ, ತಡೆದರೆ ವರ್ಷದ ಬೆಳೆಯೇ ಹೋಗುತ್ತದೆ. ಇವರು ದಡದಲ್ಲೇ ಕುಳಿತುಬಿಟ್ಟರು. "ಪಂಪ್ ಹಾಕ್ಸು" ಎಂದರು, ನನ್ನ ಮುಖ ನೋಡದೆ.

ಕೊಯ್ಲು ಮುಗಿದು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ಕಾಫಿ ತೊಳೆಯುವ ತೊಟ್ಟಿ ಖಾಲಿ ಬಿದ್ದಿತ್ತು. ನಾನೂ ಕೂಲಿ ಲೈನಿನ ಹೆಂಗಸರೂ ಅದನ್ನು ಉಜ್ಜಿ ತೊಳೆದು, ಪೈಪಿನ ನೀರು ತುಂಬಿ, ಮೊಟ್ಟೆ ಅಂಟಿದ ಕಳೆಯನ್ನು ಬಕೆಟ್‌ಗಳಲ್ಲಿ ತಂದು ಬಿಟ್ಟೆವು. ಆಮೇಲೆ ಪಂಪ್ ಹಾಕಿಸಿದೆ. ಸಂಜೆ ಇವರು ತೊಟ್ಟಿಗೆ ಥರ್ಮಾಮೀಟರ್ ಇಳಿಸಿ ನೋಡಿದರು. ಪೈಪಿನದು ಝರಿಯ ನೀರು, ಮೇಲೆ ಹೆಂಚಿನ ನೆರಳು. ತಣ್ಣಗೆ ಕೊರೆಯುತ್ತಿತ್ತು. ಆಗಲೇ ಕೆಲವು ಮೊಟ್ಟೆ ಸತ್ತು ಬೆಳ್ಳಗಾಗಿದ್ದವು.

ಅಷ್ಟರಲ್ಲಿ ಬಚ್ಚಲಿನ ಹಂಡೆಯಿಂದ ಬಿಸಿನೀರು ತೋಡಿಕೊಂಡು ಅತ್ತೆ ಬಂದರು. ಮೀನು ಮುಟ್ಟಿದ ಕೈಯಲ್ಲಿ ಮಗ ಅಡುಗೆಮನೆಗೆ ಬಂದರೆ ಅಟ್ಟಿಸಿಕೊಂಡು ಹೋಗುತ್ತಿದ್ದವರು ಅವರು!

"ಮೀನಿಗೂ ಬಾಣಂತನ ಮಾಡೋ ಹಣೆಬರ ನಂದು. ಸರಿಯೋ ಅತ್ಲಾಗೆ!"

"ಒಂದೇ ಕಡೆ ಹುಯ್ಬೇಡವ್ವ, ಬೆಂದೋಗ್ತವೆ."

"ನಿನ್ನ ಮೀಯಿಸಿದೋಳಿಗೆ ಹೇಳಿಕೊಡ್ತೀಯೇನೋ?"

ಮೂಲೆಯಲ್ಲಿ ಸ್ವಲ್ಪ ಸ್ವಲ್ಪವೇ ಸುರಿದರು. ನಾನು ಕೈಯಾಡಿಸಿ ಬೆರೆಸಿದೆ. ಇವರು ಥರ್ಮಾಮೀಟರ್ ಹಿಡಿದು "ಇನ್ನೊಂಚೂರು... ಸಾಕು ಸಾಕು" ಎನ್ನುತ್ತಿದ್ದರು. ಮೇಲೆ ಕಾಫಿ ಚೀಲಗಳನ್ನು ಹೊದಿಸಿದೆವು. ಸಂಜೆ ಸಂಜೆ ಇದೇ ನಡೆಯಿತು.

ಒಂದು ಬೆಳಗ್ಗೆ ಚೀಲ ಸರಿಸಿದವರೇ "ಅವ್ವಾ, ಬಾ ಇಲ್ಲಿ!" ಎಂದು ಕೂಗಿದರು. ಅತ್ತೆ ತೊಟ್ಟಿಗೆ ಬಗ್ಗಿದರು.

"ಏನೂ ಕಾಣಾಕಿಲ್ಲ ಕಣೋ."

"ಕಳೆ ಹತ್ರ ನೋಡವ್ವ, ಎರಡೆರಡು ಕಪ್ಪು ಚುಕ್ಕೆ. ಅದೇ ಕಣ್ಣು."

ಅತ್ತೆ ಬಹಳ ಹೊತ್ತು ನೋಡಿದರು. "ಅಯ್ಯೋ ನನ್ನಪ್ಪನೇ, ಕೂದಲೆಳೆ ಹಂಗವೆ" ಎಂದರು, ಮರಿಗಳು ಬೆದರಿಯಾವೇನೋ ಎನ್ನುವಷ್ಟು ಮೆತ್ತಗೆ.

ಅವತ್ತು ತಿಂಡಿ ಆರಿಹೋಯಿತು. ಮರಿಗಳಿಗೆ ಏನು ಹಾಕುವುದು, ಕೆರೆಗೆ ಯಾವಾಗ ಬಿಡುವುದು, ಕಿಂಗ್‌ಫಿಶರ್ ಹಕ್ಕಿ ಬಂದರೆ ಏನು ಗತಿ, ಇವರು ಮಾತಾಡುತ್ತಲೇ ಇದ್ದರು. ನಾನು ಎದುರು ಕುಳಿತು ಹೂಂಗುಟ್ಟುತ್ತಲೇ ಇದ್ದೆ.